ಅಕ್ಕನ ತೋಟಕ್ಕೆ ಹೊಸಮಣ್ಣು

ಅರಂತೋಡು
3 ಮಾರ್ಚ್ 2024

ಅಕ್ಕನಿಗೆ ಅಚ್ಚುತನ ನಮಸ್ಕಾರ.

ಕಾಲಿಗೆ ಹಾಕಿದ ರಾಡ್ ಹೇಗಿದೆ, ನೋವು ಇಳಿಯಿತೇ ಎಂದು ಮೊದಲು ಕೇಳಬೇಕು. ಕೇಳಿದ್ದೇನೆ. ನಿನ್ನ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಪಂಪ್‌ಶೆಡ್ಡಿನ ಹೆಂಚಿನ ಮಾಡಿನ ಮೇಲೆ ಹತ್ತಿ ನಿಂತರೆ ಮಾತ್ರ. ಈ ಪ್ರಾಯದಲ್ಲಿ ಅಲ್ಲಿಂದ ನಾನೂ ಬಿದ್ದರೆ ಶರ್ಮಿಳಾ ಪುತ್ತೂರಿನ ಮನೆಯಲ್ಲಿ ಇನ್ನೊಂದು ಮಂಚ ಹಾಕಬೇಕಾದೀತು. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ನೌಷಾದನ ಪಿಕಪ್ ದಿನಾ ಪುತ್ತೂರಿಗೆ ಹೋಗುತ್ತದೆ, ನಿನ್ನ ಮಗಳ ಮನೆಯ ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ.

ನೀನು ಬಿದ್ದು ಮಗಳ ಮನೆ ಸೇರಿದ ಮೇಲೆ, ಪಂಜದ ನನ್ನ ರಬ್ಬರ್ ತೋಟವನ್ನು ಹೆಂಡತಿ ಭವಿತಾಳಿಗೆ ಬಿಟ್ಟು ಇಲ್ಲಿ ಬಂದು ಕೂತಿದ್ದೇನಲ್ಲ, ಅವಳು ಅದಕ್ಕೆ ಏನೆಲ್ಲ ಹೇಳುತ್ತಾಳೆ ಎಂದು ಬರೆಯುವುದಿಲ್ಲ. ಬರೇ ನೀರು ಬಿಡಲಿಕ್ಕೆ ಬಂದವನು ಅಂತ ಯಾರೂ ಹೇಳಬಾರದು ಎಂದು ಒಂದು ದೊಡ್ಡ ಕೆಲಸ ಮಾಡಿ ಮುಗಿಸಿದೆ. ಮೇಲಿನ ತಿರುವಿನಲ್ಲಿ ಯಾರೋ ಮನೆ ಕಟ್ಟಲು ಗುಡ್ಡ ತೆಗೆಯುತ್ತಿದ್ದಾರೆ. ಮಣ್ಣು ಎಲ್ಲಿ ಸುರಿಯುವುದೆಂದು ಗೊತ್ತಾಗದೆ ಪರದಾಡುತ್ತಿದ್ದರು. ನಮ್ಮಲ್ಲಿ ತಂದು ಹಾಕಿ ಎಂದೆ. ಒಂದು ವಾರವಿಡೀ ಟಿಪ್ಪರು ಬಂತು. ಒಂದು ಕಲ್ಲೂ ಇಲ್ಲದ ಕೆಂಪು ಹೊಸಮಣ್ಣು. ಅಪ್ಪ ಅಡಿಕೆ ಬುಡಕ್ಕೆ ಹೊಸಮಣ್ಣು ಹಾಕಿಸುವಾಗ ಆಳುಗಳು ಬೇಸಿಗೆಯಿಡೀ ಹೆಡಿಗೆ ಹೊರಬೇಕಿತ್ತು, ನೆನಪುಂಟಲ್ಲ? ನಿನ್ನ ಜಾಯಿಕಾಯಿ ತೋಟಕ್ಕೆ ನಾನು ವಾರದಲ್ಲಿ ಮೊಣಕಾಲೆತ್ತರ ಹಾಕಿಸಿದೆ. ತರಗೆಲೆ, ಕಸ, ಹುಳ, ಎಲ್ಲ ಅಡಿಗೆ ಹೋಯಿತು. ತೋಟ ಈಗ ಮದುವೆ ಮನೆಯ ಅಂಗಳದ ಹಾಗೆ ಉಂಟು. ಕೆಳಗೆ ನೀರು ಹರಿಯುವ ತೋಡಿನ ಬದಿಯ ಪಟ್ಟಿಗೆ ಮಾತ್ರ ಟಿಪ್ಪರು ಇಳಿಯಲಿಲ್ಲ, ಅದೊಂದು ಹಾಗೇ ಕಾಡಿನಂತೆ ಉಳಿದಿದೆ.

ನೀನು ಬಂದು ನೋಡುವಾಗ ನಿನ್ನ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕು. ನಾನು ಹುಟ್ಟಿದಂದಿನಿಂದ ಕಾಯುತ್ತಿದ್ದೇನೆ.

ಬೆನ್ನು ತಟ್ಟಿಸಿಕೊಳ್ಳಲು ತಯಾರಾಗಿರುವ ತಮ್ಮ,
ಅಚ್ಚುತ


ಪುತ್ತೂರು
6 ಮಾರ್ಚ್ 2024

ಅಚ್ಚುತ,

ನಿನ್ನ ಕಾಗದ ಓದಿ ಎದ್ದು ನಿಲ್ಲಲು ಹೋದೆ. ಕಾಲು ಮುರಿದಿದೆ ಎಂಬುದೇ ಮರೆತುಹೋಗಿತ್ತು. ಶರ್ಮಿಳಾ ಓಡಿಬಂದು ಹಿಡಿಯದಿದ್ದರೆ ಇನ್ನೊಂದು ಕಾಲೂ ಹೋಗುತ್ತಿತ್ತು.

ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ? ಮೊಣಕಾಲೆತ್ತರ ಎಂದರೆ ಯಾರ ಮೊಣಕಾಲು? ಮರದ ಬುಡಕ್ಕೂ ತಾಗಿಸಿ ಹಾಕಿಸಿದ್ದೀಯಾ? ಅಪ್ಪ ಹಾಕಿಸುತ್ತಿದ್ದ ಹೊಸಮಣ್ಣು ನಿನಗೆ ನೆನಪಿದೆ, ಅದರ ಅಡಿಗೆ ಹಾಕಿಸುತ್ತಿದ್ದ ಸೊಪ್ಪು ನೆನಪಿಲ್ಲ. ಮೊದಲು ದಪ್ಪಕ್ಕೆ ಹಸಿಸೊಪ್ಪು, ಅದರ ಮೇಲೆ ಮುಚ್ಚುವಷ್ಟು ಮಾತ್ರ ಮಣ್ಣು. ಅದೂ ಕೆಲವು ವರ್ಷಕ್ಕೊಮ್ಮೆ, ಅದೂ ಅಡಿಕೆಗೆ. ಜಾಯಿಕಾಯಿಯ ಬೇರು ನೆಲದ ಮೇಲಿನ ಪದರದಲ್ಲೇ ಹರಡಿ ಉಸಿರಾಡುತ್ತದೆ. ಅದರ ಮೂಗಿನ ಮೇಲೆ ನೀನು ಗುಡ್ಡ ತಂದು ಇಟ್ಟಿದ್ದೀ. ಗುಡ್ಡದ ಹೊಟ್ಟೆಯೊಳಗಿನ ಆ ಮಣ್ಣು ಇದುವರೆಗೆ ಬಿಸಿಲು ಕಂಡಿಲ್ಲ, ಒಂದು ಎಲೆ ಕಂಡಿಲ್ಲ. ಅದರಲ್ಲಿ ಏನು ಬದುಕೀತು?

ನೀನು ಕಸ ಎಂದು ಬರೆದದ್ದು ನಾನು ಹನ್ನೆರಡು ವರ್ಷ ಗುಡಿಸದೆ, ಸುಡದೆ ಉಳಿಸಿದ ಎಲೆ. ನೀನು ಹುಳ ಎಂದು ಬರೆದವುಗಳಿಂದಲೇ ನನ್ನ ತೋಟ ನಡೆಯುತ್ತಿದ್ದದ್ದು. ಹಳದಿ ರೋಗದಲ್ಲಿ ಅಡಿಕೆ ಹೋದ ವರ್ಷವೇ ನಿನ್ನ ಭಾವನೂ ಹೋದದ್ದು. ಆಗ ಈ ಗಿಡಗಳನ್ನು ಒಬ್ಬಳೇ ನೆಟ್ಟೆ. ನೀನು ಆಗಲೂ ಸಲಹೆ ಕೊಡಲು ಬಂದಿದ್ದೆ.

ಒಂದು ವಿಷಯ ತಿಳಿದುಕೋ. ಶರ್ಮಿಳಾ ಒಳ್ಳೆಯ ಮನಸ್ಸಿನಿಂದಲೇ ದಿನಾ ಹೇಳುತ್ತಾಳೆ, "ಅಮ್ಮ, ಆ ತೋಟ ಯಾರಿಗಾದ್ರೂ ಕೊಟ್ಟು ಇಲ್ಲೇ ಇರು. ಅಲ್ಲಿ ಒಬ್ಬಳೇ ಎಂತ ಮಾಡುದು?" ತೋಟ ಇದೆ ಎಂದು ನಾನು ಹೇಳುತ್ತೇನೆ. ತೋಟ ಸತ್ತರೆ ನನಗೆ ಹೇಳಲು ಏನೂ ಉಳಿಯುವುದಿಲ್ಲ. ಮಗಳ ಮನೆಯಲ್ಲಿ ನನಗೆ ಕಷ್ಟ ಏನೂ ಇಲ್ಲ. ಆದರೆ ಇಲ್ಲಿ ನಾನು ನೆಂಟಳು, ಅಲ್ಲಿ ನಾನು ಕಮಲಾವತಿ.

ಕೋಪ ಇಳಿಯದೆಯೇ ಮುಗಿಸುತ್ತಿರುವ ಅಕ್ಕ,
ಕಮಲಾವತಿ


ಅರಂತೋಡು
22 ಏಪ್ರಿಲ್ 2024

ಅಕ್ಕನಿಗೆ,

ಇಷ್ಟು ದಿನ ಬರೆಯದೆ ಕೂತದ್ದು ಮೊದಲು ಕೋಪಕ್ಕೆ, ಆಮೇಲೆ ಹೆದರಿಕೆಗೆ. ವಾರವಿಡೀ ಟಿಪ್ಪರಿನ ಧೂಳು ತಿಂದು ಕೆಲಸ ಮಾಡಿಸಿದವನಿಗೆ ಬೈಗುಳದ ಕಾಗದ ಬಂದರೆ ಹೇಗಾಗಬೇಕು? ಮಳೆ ಬರಲಿ, ಆಗ ತೋರಿಸುತ್ತೇನೆ ಎಂದುಕೊಂಡೆ.

ಮಳೆ ಬಂತು. ಯುಗಾದಿ ಕಳೆದು ಎರಡು ಜೋರು ಮಳೆ. ನೀರು ಇಂಗಲಿಲ್ಲ. ನಿನ್ನ ತೋಟದಲ್ಲಿ ಯಾವತ್ತೂ ನೀರು ನಿಂತದ್ದನ್ನು ನಾನು ನೋಡಿದವನಲ್ಲ, ಈಗ ಮರಗಳ ನಡುವೆ ಚಹಾದ ಬಣ್ಣದ ಕೆರೆ. ಎರಡು ದಿನ ಬಿಸಿಲು ಬಿದ್ದಾಗ ಮೇಲಿನ ಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಯಿತು. ನೆರೆಮನೆಯ ದೇರಣ್ಣ ಬೇಲಿಯಾಚೆ ನಿಂತು ನೋಡಿ, "ಎಂತ ಅಚ್ಚುತ, ಮರಗಳಿಗೆ ಸೆಕೆ ಆಗ್ತದೆ ಅಂತ ಕಂಬಳಿ ಹೊದಿಸಿದ್ದಾ?" ಎಂದ. ಬೇರೆ ದಿನವಾದರೆ ಉತ್ತರ ಕೊಡುತ್ತಿದ್ದೆ.

ಅವನ ಮಗಳು ದೀಕ್ಷಿತಾ ಕೃಷಿ ಓದುತ್ತಿದ್ದಾಳಲ್ಲ, ರಜೆಯಲ್ಲಿ ಬಂದಿದ್ದಾಳೆ. ಒಂದು ಮರದ ಹತ್ತಿರ ಗುಂಡಿ ತೆಗೆಸಿದಳು. ಕೆಂಪು ಮಣ್ಣು ಮುಗಿದು ನಿನ್ನ ಹಳೆಯ ನೆಲ ಸಿಕ್ಕಿದಾಗ ಬಂದ ವಾಸನೆ, ಅಕ್ಕ, ಹಳಸಿದ ಅನ್ನದ ಪಾತ್ರೆ ಮುಚ್ಚಳ ತೆಗೆದ ಹಾಗಿತ್ತು. ತರಗೆಲೆ ಕರಗದೆ ಕಪ್ಪಾಗಿ ಅಂಟಿಕೊಂಡಿತ್ತು. "ಮಾವ, ಇಲ್ಲಿ ಗಾಳಿ ಹೋಗುದಿಲ್ಲ. ಒಂದು ಮುಷ್ಟಿ ಒಳ್ಳೆ ಮಣ್ಣಲ್ಲಿ ಕಣ್ಣಿಗೆ ಕಾಣದ ಜೀವ ಎಷ್ಟು ಕೋಟಿ ಉಂಟು ಗೊತ್ತುಂಟಾ? ಎಲೆ ತಿಂದು ಮರಕ್ಕೆ ಊಟ ಮಾಡಿ ಬಡಿಸುದು ಅವು. ಎರೆಹುಳ ತೂತು ಮಾಡಿದ್ರೆ ಮಾತ್ರ ನೀರು ಇಳಿಯುದು. ನೀವು ಅಡುಗೆಯವರನ್ನು ಹೂತು ಹಾಕಿ ಮರ ಊಟ ಮಾಡ್ಲಿ ಅಂತ ಕಾಯ್ತಾ ಇದ್ದೀರಿ" ಎಂದಳು. ಹೆಣ್ಣುಮಗು, ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಮಣ್ಣಿನಲ್ಲಿ ಜೀವ ಇದೆಯೋ ಇಲ್ಲವೋ ನೋಡಲು ಹತ್ತಿಬಟ್ಟೆ ಹೂಳಬೇಕಂತೆ. ಎರಡು ತಿಂಗಳು ಕಳೆದು ತೆಗೆದರೆ, ಜೀವ ಇದ್ದ ಕಡೆ ಬಟ್ಟೆ ಉಳಿಯುವುದಿಲ್ಲವಂತೆ. ಅದೆಲ್ಲ ಆಮೇಲಿನ ಮಾತು.

ಎಲೆ ಹಳದಿಯಾಗುತ್ತಿದೆ. ಗೇಟಿನ ಬದಿಯ ಮರಗಳು ಉದುರಿಸಲಿಕ್ಕೂ ಶುರುಮಾಡಿವೆ. ನಾನು ತಪ್ಪು ಮಾಡಿದೆ. ಇನ್ನು ಎಂತ ಮಾಡುದು, ಅದನ್ನು ಹೇಳು.

ಅಚ್ಚುತ


ಪುತ್ತೂರು
25 ಏಪ್ರಿಲ್ 2024

ಅಚ್ಚುತ,

ತಪ್ಪು ಮಾಡಿದೆ ಎಂದು ನೀನು ಬರೆದ ಸಾಲನ್ನು ಶರ್ಮಿಳಾಳಿಗೆ ತೋರಿಸಿದೆ. ಮಾವನ ಅಕ್ಷರ ಹೌದಾ ಎಂದು ಎರಡು ಸಲ ನೋಡಿದಳು.

ಇನ್ನು ಬೈಯುವುದಿಲ್ಲ, ಬೈಯಲು ಪುರುಸೊತ್ತಿಲ್ಲ. ದೊಡ್ಡ ಮಳೆ ಹಿಡಿಯುವ ಮೊದಲು ಆಗಬೇಕಾದ ಕೆಲಸ ಹೇಳುತ್ತೇನೆ, ನಿನ್ನ ಬುದ್ಧಿ ಸೇರಿಸದೆ ಮಾಡು. ಜೆಸಿಬಿ ತರಿಸಬೇಡ. ಅದು ನಡೆದಾಡಿದ ಜಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಬೇರು ಹರಿಯುತ್ತದೆ. ಪಿಕ್ಕಾಸೂ ಬೇಡ. ಕೆಂಪು ಮಣ್ಣನ್ನು ಅಗಲ ಬಾಯಿಯ ಹಾರೆಯಲ್ಲಿ ಎಳೆ, ಬುಡದ ಹತ್ತಿರ ಬಂದಾಗ ಕೈಯಲ್ಲಿ, ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಕೆರೆ. ಹಳೆಯ ನೆಲ ಕಂಡ ಕೂಡಲೇ ನಿಲ್ಲಿಸು. ನೀರು ಹೋಗಲು ನಡುವೆ ಚರಂಡಿ ಮಾಡು. ಮಣ್ಣು ತೆಗೆದ ಜಾಗವನ್ನು ಬೆತ್ತಲೆ ಬಿಡಬೇಡ, ತರಗೆಲೆ ಹಾಸು. ಆಮೇಲೆ ತೋಡಿನ ಬದಿಯಿಂದ ನಾಲ್ಕು ಹೆಡಿಗೆ ಮಣ್ಣು ತಂದು ಎಲೆಯ ಅಡಿಯಲ್ಲಿ ಅಲ್ಲಲ್ಲಿ ಇಡು, ಮೊಸರಿಗೆ ಹೆಪ್ಪು ಹಾಕುವಷ್ಟು ಸಾಕು. ಅಲ್ಲಿಯ ಜೀವ ಇಲ್ಲಿಗೆ ಹರಡಲಿ.

ಆ ಪಟ್ಟಿಗೆ ಟಿಪ್ಪರು ಇಳಿಯಲಿಲ್ಲ ಎಂದು ನೀನು ಬೇಸರದಲ್ಲಿ ಬರೆದಿದ್ದೆ. ಈಗ ನಾನು ರಾತ್ರಿ ಮಲಗುವುದು ಅದನ್ನು ನೆನೆದುಕೊಂಡು.

ಬಟ್ಟೆ ಹೂಳುವುದಾದರೆ ನಿನ್ನ ಬನಿಯನ್ ಹೂಳು. ಕಪಾಟಿನಲ್ಲಿರುವ ನನ್ನ ಸೀರೆಗಳನ್ನು ಮುಟ್ಟಿದರೆ ಜಾಗ್ರತೆ.

ಕೂತಲ್ಲಿಂದಲೇ ಮಣ್ಣು ತೆಗೆಯುತ್ತಿರುವ,
ಕಮಲಾವತಿ


ಅರಂತೋಡು
20 ಜೂನ್ 2024

ಅಕ್ಕನಿಗೆ,

ಈ ಕಾಗದದಲ್ಲಿ ಕೆಸರಿನ ಬೆರಳಚ್ಚು ಇದ್ದರೆ ಕ್ಷಮಿಸು, ಕೈ ತೊಳೆದರೂ ಹೋಗುವುದಿಲ್ಲ.

ಆಳು ಸಿಗಲಿಲ್ಲ. ಸಿಕ್ಕಿದವರು ಟಿಪ್ಪರಿನಲ್ಲಿ ಬಂದದ್ದನ್ನು ಹೆಡಿಗೆಯಲ್ಲಿ ವಾಪಸು ಹೊರುವುದೆಂದರೆ ನಕ್ಕು ಹೋದರು. ನಾನೂ ದೇರಣ್ಣನೂ ಸೇರಿ ಎಳೆದೆವು. ಭವಿತಾ ನಾನು ಮನೆಗೆ ಬಾರದ್ದು ನೋಡಿ ಜಗಳ ಮಾಡಲೆಂದೇ ಪಂಜದಿಂದ ಬಂದವಳು, ಸೀರೆ ಎತ್ತಿಕಟ್ಟಿ ಗೆರಟೆ ಹಿಡಿದು ಕೂತಳು. ತೆಗೆದ ಮಣ್ಣನ್ನೆಲ್ಲ ಅಂಗಳದ ಕೆಳಗಿನ ಹೊಂಡಕ್ಕೆ ಹಾಕಿದ್ದೇವೆ. ಮಳೆ ಜೋರಾಗುವಷ್ಟರಲ್ಲಿ ಗೇಟಿನ ಬದಿ ಬಿಟ್ಟು ಉಳಿದ ಮರಗಳ ಸುತ್ತ ನೆಲ ಬಿಡಿಸಿ ಆಯಿತು. ಗೇಟಿನ ಬದಿಯಲ್ಲಿ ಟಿಪ್ಪರು ತಿರುಗಿ ತಿರುಗಿ ಮಣ್ಣು ಕಲ್ಲಾಗಿದೆ, ಅಲ್ಲಿ ಹಾರೆ ಇಳಿಯುವುದೇ ಕಷ್ಟ.

ನಾನು ಕೆಲಸದ ನಡುವೆ ತೋಡಿನ ಬದಿಗೆ ಹೋಗಿ ಕೂರುತ್ತೇನೆ. ಬೀಡಿ ಸೇದಲಿಕ್ಕೆ ಹೋದದ್ದು, ಸುಳ್ಳು ಹೇಳುವುದಿಲ್ಲ. ಒಂದು ದಿನ ಕಾಲಬುಡದ ತರಗೆಲೆ ಎತ್ತಿದೆ. ಅದರಡಿ ಇನ್ನೊಂದು ಎಲೆ, ಅದು ಬಲೆಯಂತೆ ಬರೇ ನರ. ಅದರಡಿ ಬಿಳಿ ನೂಲಿನಂಥ ಬೂಷ್ಟು, ಎಲೆಯಿಂದ ಎಲೆಗೆ ಹೊಲಿದಂತೆ. ಮುಟ್ಟಿದರೆ ಸುರುಳಿ ಸುತ್ತುವ ಚೋರಟೆ, ಇರುವೆ, ಗೆದ್ದಲು, ಸಾಸಿವೆಗಿಂತ ಸಣ್ಣದಾಗಿ ಹಾರುವ ಯಾವುದೋ ಹುಳ, ಎರೆಹುಳು ಹೊರಗೆ ಹಾಕಿದ ಮಣ್ಣಿನ ಸಣ್ಣ ಸಣ್ಣ ಗುಪ್ಪೆ. ಐವತ್ತು ವರ್ಷ ಮಣ್ಣು ಮೆಟ್ಟಿಕೊಂಡೇ ಬದುಕಿದವನು, ಬಗ್ಗಿ ನೋಡಿದ್ದು ಅವತ್ತೇ. ಬೀಡಿ ಸೇದುವುದು ಮರೆತೇ ಹೋಯಿತು.

ಆದರೆ ಈಚೆ ಬಿಡಿಸಿದ ನೆಲದಲ್ಲಿ ನಾನು ಹಾಸಿದ ಎಲೆ ಹಾಸಿದ ಹಾಗೇ ಇದೆ. ಯಾರೂ ತಿಂದಿಲ್ಲ. ದಿನಾ ಎತ್ತಿ ನೋಡುತ್ತೇನೆ. ನೀನು ಹೇಳಿದಂತೆ ತೋಡಿನ ಬದಿಯ ಮಣ್ಣು ತಂದು ಇಟ್ಟಿದ್ದೇನೆ. ನನ್ನ ಬನಿಯನ್ನುಗಳನ್ನೂ ಮೂರು ಕಡೆ ಹೂತಿದ್ದೇನೆ.

ಸೊಂಟ ನೇರ ಮಾಡಲಾಗದ ತಮ್ಮ,
ಅಚ್ಚುತ


ಪುತ್ತೂರು
14 ಜುಲೈ 2024

ಅಚ್ಚುತ,

ನೀನು ಚೋರಟೆಯ ಬಗ್ಗೆ ಬರೆದೆ, ಮರದ ಬಗ್ಗೆ ಬರೆಯಲಿಲ್ಲ. ನಾನು ನಿನ್ನನ್ನು ಎತ್ತಿ ಆಡಿಸಿದವಳು. ನೀನು ಯಾವಾಗ ಸುತ್ತಿ ಬಳಸಿ ಮಾತಾಡುತ್ತೀ ಎಂದು ನನಗೆ ಗೊತ್ತು.

ಕಾಲಿಗೆ ವಾಕರ್ ಬಂದಿದೆ. ಬಾಗಿಲಿಂದ ಗೇಟಿನವರೆಗೆ ನಡೆಯುತ್ತೇನೆ. ಇಲ್ಲಿಯ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿದ್ದಾರೆ, ಕಾಲಿಗೆ ನೆಲ ತಾಗಿದ ಹಾಗೇ ಆಗುವುದಿಲ್ಲ.

ಕಳೆದ ಭಾನುವಾರ ಒಬ್ಬರು ಹಣ್ಣು ಹಿಡಿದುಕೊಂಡು ನನ್ನ ಆರೋಗ್ಯ ಕೇಳಲು ಬಂದರು. ಅರ್ಧ ಗಂಟೆ ಕಾಲಿನ ಬಗ್ಗೆ ಮಾತಾಡಿ ಆಮೇಲೆ ತೋಟದ ಮಾತಿಗೆ ಬಂದರು. ರಸ್ತೆ ಬದಿಯ ಜಾಗ ಅವರಿಗೆ ಬೇಕಂತೆ, ಮರ ಇದ್ದರೂ ಸೈ ಇಲ್ಲದಿದ್ದರೂ ಸೈಯಂತೆ. ಶರ್ಮಿಳಾ ನನ್ನ ಮುಖ ನೋಡಿದಳು. ದೀಪಾವಳಿಗೆ ಹೇಳುತ್ತೇನೆ ಎಂದು ಕಳಿಸಿದೆ. ಇಲ್ಲ ಎನ್ನಬೇಕೆಂದು ಬಾಯಿ ತೆರೆದಿದ್ದೆ, ಆದರೆ ತೋಟ ಜೀವದಲ್ಲಿ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲದೆ ಏನೆಂದು ಹೇಳಲಿ?

ನನಗೆ ಹೆದರಿಕೆಯಾಗುತ್ತಿದೆ. ಇದ್ದದ್ದು ಇದ್ದ ಹಾಗೆ ಬರೆ. ಸತ್ತಿದ್ದರೆ ಸತ್ತಿದೆ ಎಂದೇ ಬರೆ.

ನಿನ್ನ ಉತ್ತರದ ದಾರಿ ನೋಡುತ್ತಿರುವ,
ಅಕ್ಕ


ಅರಂತೋಡು
18 ಆಗಸ್ಟ್ 2024

ಅಕ್ಕನಿಗೆ,

ನಿನ್ನ ಕಾಗದ ಓದಿ ಕೂಡಲೇ ಉತ್ತರ ಬರೆಯಬೇಕಿತ್ತು. ಸರಿಯಾಗಿ ಗೊತ್ತಾಗದೆ ಬರೆಯಬಾರದೆಂದು ತಡೆದುಕೊಂಡೆ. ಈಗ ಗೊತ್ತಾಗಿದೆ, ಬರೆಯುತ್ತಿದ್ದೇನೆ.

ಕೆಟ್ಟದ್ದು ಮೊದಲು. ಗೇಟಿನ ಬದಿಯ ಆರು ಮರ ಸತ್ತಿವೆ. ಉಗುರಲ್ಲಿ ಕೆರೆದರೆ ಸಿಪ್ಪೆಯಡಿ ಹಸಿರಿಲ್ಲ. ಜಾಸ್ತಿ ಕಾಯಿ ಬಿಡುತ್ತದೆ ಎಂದು ನೀನು ಎಲ್ಲರಿಗೂ ತೋರಿಸುತ್ತಿದ್ದ ಮರವೂ ಅದರಲ್ಲಿ ಹೋಯಿತು. ಉಳಿದವೂ ಆಷಾಢದಲ್ಲಿ ಅರ್ಧ ಎಲೆ ಉದುರಿಸಿ ನಿಂತಿದ್ದವು. ನಿನ್ನ ಕಾಗದ ಬಂದಾಗ ಅವು ಇದ್ದ ಸ್ಥಿತಿ ನೋಡಿ, ಎಲ್ಲ ಮುಗಿಯಿತೆಂದೇ ನಾನು ತಿಳಿದಿದ್ದೆ. ಅಂಥದ್ದನ್ನು ಬರೆದು ನಿನ್ನಿಂದ ತೋಟ ಮಾರಿಸಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ಕಳೆದ ವಾರ ದೀಕ್ಷಿತಾ ಬಂದಿದ್ದಳು. ಬನಿಯನ್ ತೆಗೆಯುವ ಎಂದಳು. ದೇರಣ್ಣ, ನೌಷಾದ್, ಎಲ್ಲರೂ ಸುತ್ತ ನಿಂತರು, ನನ್ನ ಬಟ್ಟೆಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಗೇಟಿನ ಬದಿಯ ಕೆಂಪು ಮಣ್ಣಿಂದ ತೆಗೆದದ್ದು ಕಲೆಯಾದದ್ದು ಬಿಟ್ಟರೆ ಇಡೀ ಇತ್ತು. "ತೊಳ್ದು ಹಾಕಿಕೊಳ್ಳಿ ಮಾರಾಯ್ರೆ, ಇನ್ನೂ ಎರಡು ವರ್ಷ ಬರ್ತದೆ" ಎಂದ ನೌಷಾದ್. ತೋಡಿನ ಬದಿಯದ್ದರಲ್ಲಿ ಕುತ್ತಿಗೆಯ ಹೊಲಿಗೆಯ ನೂಲೂ ಕಂಪನಿಯ ಚೀಟಿಯೂ ಮಾತ್ರ ಸಿಕ್ಕಿತು, ಉಳಿದದ್ದು ಮಣ್ಣಿಗೆ ಹೋಗಿದೆ. ಮೂರನೆಯದ್ದು ನಾವು ಬಿಡಿಸಿದ ನೆಲದ್ದು. ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ, ದೀಕ್ಷಿತಾಳೇ ತೆಗೆದಳು. ಎತ್ತಿ ಹಿಡಿದರೆ ಆಚೆ ನಿಂತ ದೇರಣ್ಣನ ಮುಖ ಕಾಣುತ್ತಿತ್ತು, ಅಷ್ಟು ತೂತು. ಒಂದು ತೂತಿನಲ್ಲಿ ಎರೆಹುಳದ ಮರಿ.

"ಮಾವ, ತಿಂದಿವೆ. ಅಡಿಯಲ್ಲಿ ಪೂರ್ತಿ ಸತ್ತಿರ್ಲಿಲ್ಲ, ನೀವು ಸಮಯಕ್ಕೆ ಬಾಗಿಲು ತೆಗ್ದದ್ದು" ಎಂದಳು. ಜೀವಮಾನದಲ್ಲಿ ತೂತು ಬನಿಯನ್ ನೋಡಿ ಅತ್ತವನು ನಾನೊಬ್ಬನೇ ಇರಬೇಕು. ಎಲ್ಲರ ಎದುರೇ ಅತ್ತೆ, ನಾಚಿಕೆಯೂ ಆಗಲಿಲ್ಲ.

ಆಮೇಲೆ ಹೋಗಿ ಎಲೆ ಎತ್ತಿ ನೋಡಿದೆ. ಅಡಿಯ ಎಲೆಗಳು ಬಲೆಯಾಗಲು ಶುರುವಾಗಿವೆ. ಮರದ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಕೂಡ ಕಂಡಿತು. ಒಂದೆರಡರಲ್ಲಿ ಅಲ್ಲ, ಸುಮಾರು ಮರಗಳಲ್ಲಿ. ಹಣ್ಣು ಹಿಡಿದುಕೊಂಡು ಬಂದವರಿಗೆ ಏನು ಹೇಳಬೇಕೆಂದು ನೀನು ನಿಶ್ಚಯ ಮಾಡು. ತೋಟ ಜೀವದಲ್ಲಿ ಇದೆ.

ಅಚ್ಚುತ


ಅರಂತೋಡು
27 ಅಕ್ಟೋಬರ್ 2024

ಅಕ್ಕನಿಗೆ,

ನಾಳೆ ನೀನು ಬರುತ್ತೀ ಎಂದು ನೌಷಾದ್ ಹೇಳಿದ. ಬೀಗದ ಕೈ ದೇರಣ್ಣನಲ್ಲಿ ಇದೆ. ಅಕ್ಕಿ, ಬೇಳೆ, ಗ್ಯಾಸ್ ಎಲ್ಲ ಇದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಹಿಡಿಕೆ ಹಾಕಿಸಿದ್ದೇನೆ.

ನಾನು ಸಂಜೆಯ ಬಸ್ಸಿಗೆ ಪಂಜಕ್ಕೆ ಹೋಗುತ್ತಿದ್ದೇನೆ. ರಬ್ಬರಿನ ಕೆಲಸ ಇದೆ ಎಂದು ಬರೆಯಲು ಹೊರಟಿದ್ದೆ, ಸುಳ್ಳು. ಒಳಗೆ ಬರುವಾಗ ನಿನಗೆ ಮೊದಲು ಕಾಣುವುದು ಆ ಆರು ಮರ. ಅದನ್ನು ನೋಡುವಾಗ ನಿನ್ನ ಮುಖ ಹೇಗಾಗುತ್ತದೋ, ನನಗೆ ಎದುರು ನಿಂತು ನೋಡಲಾಗದು.

ಅಚ್ಚುತ


ಅರಂತೋಡು
29 ಅಕ್ಟೋಬರ್ 2024

ಅಚ್ಚುತ,

ಹೆದರುಪುಕ್ಕಲ, ನಿನ್ನೆ ಬಂದೆ.

ಆರು ಮರ ನೋಡಿದೆ. ಗೇಟಿನಲ್ಲೇ ನಿಂತು ಅತ್ತೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಶರ್ಮಿಳಾ ನನ್ನ ತೋಳು ಹಿಡಿದುಕೊಂಡಿದ್ದಳು. ಅಲ್ಲಿಂದಲೇ ಹಿಂದೆ ತಿರುಗಿ ಪುತ್ತೂರಿಗೆ ಹೋಗುವ ಎಂದಿದ್ದರೆ ಆ ಗಳಿಗೆಯಲ್ಲಿ ನಾನು ಹೋಗುತ್ತಿದ್ದೆನೋ ಏನೋ.

ಆಮೇಲೆ ಮುಂದೆ ನಡೆದೆ. ಎರಡು ತಿಂಗಳಿಂದ ವಾಕರ್ ಬಿಟ್ಟು ಕೋಲು ಹಿಡಿದಿದ್ದೇನೆ. ಗೇಟಿನ ಹತ್ತಿರ ಅದು ಟಕ್ ಟಕ್ ಎಂದು ಶಬ್ದ ಮಾಡುತ್ತಿತ್ತು, ಪುತ್ತೂರಿನ ಇಂಟರ್‌ಲಾಕಿನಲ್ಲಿ ಮಾಡಿದ ಹಾಗೇ. ಮರಗಳ ನಡುವೆ ಬಂದೆ, ಶಬ್ದ ನಿಂತಿತು. ತರಗೆಲೆಯ ಮೇಲೆ ಕೋಲೂರಿ ಭಾರ ಹಾಕಿದೆ. ಕೋಲು ನಿಲ್ಲಲಿಲ್ಲ, ಒಳಗೆ ಇಳಿಯಿತು. ನಾನು ವಾಲಿದೆ. "ಅಮ್ಮ, ಬೀಳ್ತಿ, ಬೀಳ್ತಿ" ಎಂದು ಶರ್ಮಿಳಾ ಹಿಡಿದಳು. ನನಗೆ ನಗು ಬಂತು. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳಿಗೆ ನಾನು ಯಾಕೆ ನಗುತ್ತಿದ್ದೇನೆಂದು ಗೊತ್ತಾಗಲಿಲ್ಲ. ಕೋಲನ್ನು ಕಿತ್ತು ಕೊಟ್ಟಳು. ಅದರ ತುದಿಗೆ ಹತ್ತಿದ ಮಣ್ಣು ಕಪ್ಪಗಿತ್ತು, ಮೂಸಿ ನೋಡಿದೆ. ಅದೇ ವಾಸನೆ, ನನ್ನ ತೋಟದ್ದು. ಅವಳ ಮೂಗಿಗೂ ಹಿಡಿದೆ.

ಅವಳೂ ಮೂಸಿ ನೋಡಿ, "ಇನ್ನು ನೀನು ನಮ್ಮಲ್ಲಿಗೆ ಬರುದಿಲ್ಲ ಅಲ್ಲ ಅಮ್ಮ?" ಎಂದು ಕೇಳಿದಳು. ಬೇಸರ ಮಾಡಿಕೊಂಡು ಕೇಳಿದ್ದಲ್ಲ, ಗೊತ್ತಾಗಿಯೇ ಕೇಳಿದ್ದು. ನೆಂಟಳಾಗಿ ಬರುತ್ತೇನೆ ಎಂದೆ. ಜಾಗ ಕೇಳಿದವರಿಗೆ ಅವಳೇ ಫೋನು ಮಾಡಿ ಇಲ್ಲ ಎಂದಳು. ನಿನ್ನ ಪಂಪ್‌ಶೆಡ್ಡಿನ ಮಾಡು ಹತ್ತಲಿಲ್ಲ, ರಸ್ತೆಗೆ ಹೋಗಿ ಮಾಡಿದಳು.

ಬಚ್ಚಲಿನ ಹಿಡಿಕೆ ಒಂದು ಗೇಣು ಎತ್ತರವಾಯಿತು, ಅದನ್ನು ಇಳಿಸಬೇಕು. ಸತ್ತ ಆರು ಮರದ ಸುತ್ತಲಿನ ಕೆಂಪು ಮಣ್ಣನ್ನೂ ತೆಗೆಯಬೇಕು, ಎಲೆ ಹಾಸಬೇಕು. ಆ ನೆಲಕ್ಕೆ ಜೀವ ಬಂದ ಮೇಲೆ ಹೊಸ ಗಿಡ ನೆಡುವುದು, ಅದಕ್ಕೆ ಒಂದು ವರ್ಷ ಆಗಲಿ, ಎರಡು ವರ್ಷ ಆಗಲಿ. ನನಗೆ ಬಗ್ಗಲು ಆಗುವುದಿಲ್ಲ. ದೇರಣ್ಣ ನಿನ್ನಷ್ಟು ಚೆನ್ನಾಗಿ ಗೆರಟೆಯಲ್ಲಿ ಕೆರೆಯುವವರು ಈ ಊರಿನಲ್ಲೇ ಇಲ್ಲ ಎನ್ನುತ್ತಾನೆ. ನಾನೂ ಬುಡಗಳನ್ನು ನೋಡಿದೆ. ಒಂದು ಬೇರಿಗೂ ಗಾಯವಿಲ್ಲ. ನೀನು ಹುಟ್ಟಿದಂದಿನಿಂದ ಕಾಯುತ್ತಿದ್ದ ಒಳ್ಳೆಯ ಮಾತು ಇದೇ, ತೆಗೆದುಕೋ.

ಹಬ್ಬಕ್ಕೆ ಭವಿತಾಳನ್ನು ಕರೆದುಕೊಂಡು ಬಾ. ಎಂಟು ತಿಂಗಳು ನಿನ್ನನ್ನು ಕಾಗದದಲ್ಲೇ ಬೈದು ನನಗೆ ಸಾಕಾಗಿದೆ. ಇನ್ನು ಉಳಿದದ್ದನ್ನು ಎದುರು ಕೂರಿಸಿಕೊಂಡು, ಹೊಟ್ಟೆ ತುಂಬ ಊಟ ಹಾಕಿ ಬೈಯಬೇಕು.

ಮನೆಯಿಂದ,
ಕಮಲಾವತಿ